ಲ್ಯಾಬ್ ಅಟೆಂಡರ್

ಕಾಲೇಜಿನ ಸಂಬಳದ ಪುಸ್ತಕದಲ್ಲಿ ಐತಪ್ಪ ಸಾಲಿಯಾನರು
ಮೂವತ್ತೊಂದು ವರ್ಷವೂ ರಸಾಯನಶಾಸ್ತ್ರದ ಲ್ಯಾಬ್ ಅಟೆಂಡರ್.
ಬಾಸ್ಕೆಟ್‌ಬಾಲಿಗೆ ಅಲ್ಲಿ ಕಾಲಂ ಇರಲಿಲ್ಲ.

ಹಗಲೆಲ್ಲ ಬ್ಯೂರೆಟ್ಟು ತೊಳೆದು
ಆಮ್ಲದ ಬಾಟಲಿಗೆ ಚೀಟಿ ಅಂಟಿಸಿ
ಐದಕ್ಕೆ ಖಾಕಿ ಕಳಚಿ ಗೂಟಕ್ಕೆ ಹಾಕಿದರೆ
ಮೆಟ್ಟಿಲಿಳಿದು ಬರುತ್ತಿದ್ದದ್ದು ಬೇರೆಯೇ ಆಸಾಮಿ:
ಕೊರಳಲ್ಲಿ ಸೀಟಿ, ಕಂಕುಳಲ್ಲಿ ಚೆಂಡು,
ಗೆರೆ ಎಳೆಯಲು ಕಿಸೆಯಲ್ಲಿ ಲ್ಯಾಬಿನದೇ ಸೀಮೆಸುಣ್ಣ.

ವಡಾಲದ ಆ ಅಂಗಳಕ್ಕೆ
ಒಂದು ಬದಿ ಹಾರ್ಬರ್ ಲೈನು, ಇನ್ನೊಂದು ಬದಿ ಕ್ಯಾಂಟೀನಿನ ಹೊಗೆ.
ಒಂದು ಕಂಬ ಎಡಕ್ಕೆ ವಾಲಿತ್ತು.
‘ವಾಲಿದ ರಿಂಗಿಗೆ ಹಾಕಿ ಕಲಿತವನಿಗೆ
ನೆಟ್ಟಗಿನ ರಿಂಗು ಬಾವಿಯಷ್ಟು ಅಗಲ ಕಾಣುತ್ತದೆ’ ಅನ್ನುವರು.
ಸುಳ್ಳು. ಊರಿನ ಎಲ್ಲ ರಿಂಗೂ ನಮಗೆ
ಬಲಕ್ಕೆ ಸರಿದ ಹಾಗೇ ಕಂಡವು.

ಲೋಕಲ್ ಬಂದರೆ ಅವರ ಮಾತು ನಡುವೆ ನಿಂತು
ಕೊನೆಯ ಬೋಗಿ ದಾಟಿದ ಮೇಲೆ
ನಿಂತ ಅಕ್ಷರದಿಂದಲೇ ಹೊರಡುತ್ತಿತ್ತು.
ಸಾಕಾಗಿ ಕೈಯಲ್ಲಿ ಮಾತಾಡಲು ಶುರು ಮಾಡಿದರು.
ಎರಡು ಬೆರಳು ಮೇಲೆ, ಮೂರು ಕೆಳಗೆ: ಝೋನ್ ಕಟ್ಟಿ.
ಅಂಗೈ ಅಡ್ಡ ಹಿಡಿದರೆ: ಅವಸರ ಬೇಡ, ನಿಲ್ಲು.
ಕಿವಿ ಮುಟ್ಟಿಕೊಂಡರೆ: ಏನು ಮಾಡಿದೆ ಮಾರಾಯ!

ಕಲಿತದ್ದೆಲ್ಲಿ? ಕೇಳಿದರೆ ಎಲ್ಲೋ ಒಮ್ಮೆ ಹೇಳುವರು:
ಹದಿಮೂರರಲ್ಲಿ ಕಾಪುವಿನಿಂದ ಬಂದು,
ರಾತ್ರಿ ಕನ್ನಡ ಶಾಲೆ, ಹಗಲು ಹೋಟೆಲು,
ಚಹಾ ಕೊಡುವ ನೆಪದಲ್ಲಿ ನಾಗಪಾಡಾದ
ಅಂಗಳದ ಜಾಲರಿಗೆ ಮೂಗು ಒತ್ತಿ ನಿಂತದ್ದು.
‘ಆರು ಗ್ಲಾಸು ಹಿಡಿದು ಗಿರಾಕಿಗಳ ಸಂದಿಯಲ್ಲಿ
ತುಳುಕದೆ ನುಗ್ಗಿದವನಿಗೆ ಡ್ರಿಬಲ್ ಏನು ಮಹಾ?’

ಒಂದು ಸಂಜೆ ಸುಮಿತ್ರಕ್ಕ ಗೇಟಿನ ತನಕ ಬಂದಿದ್ದರು,
ಹೆಗಲ ಮೇಲೆ ಜ್ವರದ ಮಗು.
ಸರ್ ತಿರುಗದೆಯೇ ಅಂಗೈ ಅಡ್ಡ ಹಿಡಿದರು.
ಆಕೆ ನಿಂತರು.
ಎರಡು ಲೋಕಲ್ ದಾಟಿಹೋದವು.

ಗೆದ್ದದ್ದು ಹೇಳಿಕೊಳ್ಳುವಷ್ಟೇನಿಲ್ಲ.
ಆರು ಸಲ ಸೆಮಿಫೈನಲ್ಲು, ಒಂದೇ ಒಂದು ಫೈನಲ್ಲು.
ಆ ಫೈನಲ್ಲು ಸೋಲಿಸಿದವನು ನಾನು.
ಒಂದಂಕ ಹಿಂದೆ, ಮೂರು ಸೆಕೆಂಡು, ಎರಡು ಫ್ರೀ ಥ್ರೋ:
ಮೊದಲನೆಯದು ರಿಂಗಿನ ಮೇಲೆ ಗಿರಕಿ ಹೊಡೆದು ಆಚೆ ಬಿತ್ತು,
ಎರಡನೆಯದು ರಿಂಗನ್ನು ಮುಟ್ಟಲೇ ಇಲ್ಲ.

ಬಸ್ಸಿನಲ್ಲಿ ಅನ್ಸಾರಿ ಕಿಟಕಿಯಾಚೆ ನೋಡುತ್ತಲೇ ಇದ್ದ.
ಸರ್ ಬಂದು ಪಕ್ಕ ಕೂತು
ನನ್ನ ಬಲಮೊಣಕೈಯನ್ನು ಎರಡೇ ಬೆರಳಲ್ಲಿ ಹಿಡಿದು
ಒಳಕ್ಕೆ ಒತ್ತಿದರು. ದಾದರ್ ಬರುವ ತನಕ ಬಿಡಲಿಲ್ಲ.
ಸಮಾಧಾನವೋ, ಶಿಕ್ಷೆಯೋ, ಪಾಠವೋ,
ಮಗನಿಗೆ ಮದುವೆಯಾದರೂ ನನಗೆ ತಿಳಿದಿಲ್ಲ.

ನಿವೃತ್ತಿಯ ದಿನ ಅಂಗಳದಲ್ಲಿ ಆಗಲೇ
ಅಧ್ಯಾಪಕರ ಕಾರುಗಳು ನಿಂತಿದ್ದವು, ಸಾಲಿಯಾನರೇ ಹಿಂದೆಂದೋ
ಎಳೆದಿದ್ದ ಗೆರೆಯನ್ನು ಅಚ್ಚುಕಟ್ಟಾಗಿ ಪಾಲಿಸಿ.
ಪ್ರಿನ್ಸಿಪಾಲರು ಮೈಕು ಹಿಡಿದು
‘ಮೂವತ್ತೊಂದು ವರ್ಷದಲ್ಲಿ ಇವರ ಕೈಯಿಂದ
ಒಂದು ಬೀಕರೂ ಒಡೆದಿಲ್ಲ’ ಎಂದರು.
ಚಪ್ಪಾಳೆ.

ಹಿಂದಿನ ಬೆಂಚಿನಲ್ಲಿ ನಾವು ಕಿಸಕ್ಕೆಂದೆವು.
ಫೈನಲ್ಲಿನ ಐವರಲ್ಲಿ ನಾಲ್ವರು,
ಹೊಟ್ಟೆ ಬಂದು, ಕೂದಲು ಹೋಗಿ,
ಒಬ್ಬನಿಗೆ ಮಂಡಿಯಲ್ಲಿ ಸ್ಟೀಲು.
ಹಾರದೊಳಗಿಂದ ಸರ್ ಕೈ ಎತ್ತಿದರು:
ಎರಡು ಮೇಲೆ, ಮೂರು ಕೆಳಗೆ.

ಯಾರೂ ಯಾರನ್ನೂ ಕೇಳಲಿಲ್ಲ. ಎದ್ದು
ಕುರ್ಚಿಗಳ ನಡುವಿನ ಓಣಿಯಲ್ಲಿ
ತೋಳು ಚಾಚಿ ನಿಂತೇಬಿಟ್ಟೆವು.
ಕೆಳಗಿನ ಎಡಮೂಲೆ ಖಾಲಿ. ಡಿಮೆಲ್ಲೊ
ಕಳೆದ ಶ್ರಾವಣದಲ್ಲಿ ಹೋದ.
ಸರ್ ಆ ಜಾಗವನ್ನೇ ನೋಡಿದರು,
ನಿಧಾನ ಕೈ ಎತ್ತಿ
ಕಿವಿ ಮುಟ್ಟಿಕೊಂಡರು.

ಅಷ್ಟರಲ್ಲಿ ಲೋಕಲ್ ಬಂತು.
ಪ್ರಿನ್ಸಿಪಾಲರು ಮಾತಾಡುತ್ತಲೇ ಇದ್ದರು.