ಏನೇನು ತಿನ್ನುತ್ತೀರಿ

"ಮಾಂಸ ತಿನ್ನುತ್ತೀರಾ?" ಕೇಳಿದರು ಡಾಕ್ಟರು
ಫೈಲಿನಿಂದ ತಲೆಯೆತ್ತದೆ.
ತಿನ್ನುತ್ತೇನೆ, ಅಂದೆ.
"ಏನೇನು?"

ಕೋಳಿ, ಹಂದಿ, ಹಬ್ಬಕ್ಕೆ ಆಡು.
ಬರೆದುಕೊಂಡರು ಅಷ್ಟನ್ನು.
ಉಳಿದದ್ದು ನಾಲಗೆಯ ಬುಡದಲ್ಲೇ ಉಳಿಯಿತು:

ದಮ್ಮು ಹಿಡಿದ ವರ್ಷ ಕುಡಿಸಿದ ಬಾವಲಿಯ ಸಾರು,
ಕಣ್ಣು ಮುಚ್ಚಿ ಕುಡಿ ಅಂದಿದ್ದರು, ಮುಚ್ಚಿದೆ,
ಮಾವಿನ ಹಣ್ಣಿನ ವಾಸನೆ ಬಂತು.
ಗುಡ್ಡೆಯಿಂದ ಯಾರೋ ರಾತ್ರಿ ತಂದು
ಹೆಸರು ಹೇಳದೆ ಕೊಟ್ಟುಹೋದ ಮುಳ್ಳುಹಂದಿ,
ಅದರ ಒಂದು ಮುಳ್ಳಿನಿಂದ ಅಕ್ಕ
ಮದುವೆಯ ತನಕ ಬೈತಲೆ ತೆಗೆದಳು.
ಬರಿಂಕ, ಬೆಕ್ಕಿನಷ್ಟೇ ಇರುವ ಜಿಂಕೆ,
ಅದನ್ನು ತಿಂದಿಲ್ಲ.
ತಿನ್ನುವವರ ಮನೆಯ ಹೊರಗೆ ನಿಂತಿದ್ದೆ.

ಮತ್ತೆ, ಆಮೆ.

ಈಗ ಬಾಯಿಬಿಟ್ಟರೆ ಕೇಸು.
ಆಗ ನಮ್ಮದು ಕುದ್ರು, ನೇತ್ರಾವತಿ ಎರಡಾಗಿ ಹರಿದು
ನಡುವೆ ಮರೆತುಬಿಟ್ಟ ಜಾಗ.
ಪೂಜೆಗೂ ದೋಣಿ, ಹೆಣಕ್ಕೂ ದೋಣಿ.
ಪಾಸ್ಕಲ್ ಬಾಪ್ಪುವಿನ ಬಲೆಗೆ ಅದು ಬಿದ್ದದ್ದು
ಕರೆಸ್ಮಾದ ಒಂದು ಶುಕ್ರವಾರ.
ಮಾಂಸ ಕೂಡದು, ಮೀನು ಆಗಬಹುದು.
ಆಮೆ ಯಾವುದು?

ನತಾಲ್ ಮಾಂಯ್ ಹೊಳೆ ದಾಟಿ ಇಗರ್ಜಿಗೇ ಹೋದಳು.
ಕಾಲಿದೆಯಲ್ಲ, ಅಂದರಂತೆ ವಿಗಾರ್.
ಏಡಿಗೂ ಇದೆ, ಫಾದರ್.
ಮೊಟ್ಟೆ ಇಡುತ್ತದಲ್ಲ.
ಬಂಗುಡೆಯೂ ಇಡುತ್ತದೆ.
ಉಸಿರಿಗೆ ಮೇಲೆ ಬರುತ್ತದಲ್ಲ, ಬಾಯಿ?
ನಾವೂ ವಾರಕ್ಕೊಮ್ಮೆ ಬರುತ್ತೇವಲ್ಲ, ಇಲ್ಲಿಗೆ.
ವಿಗಾರ್ ಕನ್ನಡಕ ಒರೆಸಿ ಒರೆಸಿ
ರೋಮಿಗೆ ಬರೆದು ಕೇಳುತ್ತೇನೆ ಅಂದರಂತೆ.

ರೋಮು ದೂರ.
ಆಮೆ ಬಾವಿಕಟ್ಟೆಯ ಹತ್ತಿರ, ಅಂಗಾತ.

ಕೊಂದದ್ದನ್ನು ನಾನು ನೋಡಿಲ್ಲ.
ಅಂದರೆ, ನೋಡಿದೆ.
ಕೋಲು ಕಚ್ಚಿಸಿ ಕತ್ತು ಹೊರಗೆಳೆದರು.
ಶಾಲೆಯ ಪಾಠದ ಆಮೆ ಬಾಯಿಬಿಟ್ಟು ಸತ್ತಿತ್ತು,
ನಮ್ಮದು ಬಾಯಿ ಬಿಡದೆ ಸತ್ತಿತು.

ಗುಂಡಿಗೆಯನ್ನು ಗೆರಟೆಯಲ್ಲಿ ಹಾಕಿ ಬದಿಗಿಟ್ಟರು.
ಅದು ಬಡಿಯುತ್ತಿತ್ತು.
ಹೊಳೆಯಾಚೆ ಆಮೋರಿಯ ಗಂಟೆ ಬಡಿದು ನಿಂತಿತು,
ಇದು ನಿಲ್ಲಲಿಲ್ಲ.
ತೆರ್ಸ ಶುರುವಾಯಿತು. ಐವತ್ತು ನಮಾನ್ ಮೋರಿಯೆ.
ನಾನು ಮಣಿ ಎಣಿಸಲಿಲ್ಲ, ಅದನ್ನೇ ಎಣಿಸಿದೆ.
ನಡುವೆ ಮಾಂಯ್ ಎದ್ದು ಬಂದಳು,
ಗೆರಟೆಯ ಮೇಲೆ ಇನ್ನೊಂದು ಗೆರಟೆ ಕವುಚಿದಳು,
ಮಗುವಿಗೆ ಹೊದಿಸಿದ ಹಾಗೆ.

ಗಡಿಯಾರವಿಲ್ಲದ ಮನೆ.
ರಾತ್ರಿಯ ರೈಲು ಸಂಕ ದಾಟಿದ ಸದ್ದು ಕೇಳಿ
"ಈಗ ಶನಿವಾರ" ಎಂದು ಬಡಿಸಿದಳು.

ರುಚಿ?
ಕೋಳಿಯ ಹಾಗೆ ಅನ್ನುತ್ತಾರೆ, ತಿನ್ನದವರು.
ಬಫಾತ್ ಪುಡಿಯ ರುಚಿ ಇತ್ತು, ಕಳ್ಳಿನ ಶಿರ್ಕದ್ದಿತ್ತು,
ಅದರ ಅಡಿಯಲ್ಲಿ ಕೆಸರು,
ಮಳೆ ಬಿಟ್ಟ ಮೂರನೇ ದಿನದ ಹೊಳೆ.
ಎರಡನೇ ಸಲ ಹಾಕಿಸಿಕೊಂಡೆ.

ಆಮೇಲೆ ಆಮೆ ಬರಲಿಲ್ಲ.
ನಾವು ತಿಂದು ಮುಗಿಸಿದೆವು ಎಂದಲ್ಲ,
ತಿಂದಿಲ್ಲ ಎಂದೂ ಅಲ್ಲ.
ಮೊಟ್ಟೆಗೆ ದಿಣ್ಣೆ ಬೇಕು ಅದಕ್ಕೆ.
ದಿಣ್ಣೆ ರಾತ್ರೋರಾತ್ರಿ ದೋಣಿ ಹತ್ತಿ, ಲಾರಿ ಹತ್ತಿ
ಮಂಗಳೂರಿಗೆ ಬಂತು, ನಮಗಿಂತ ಮೊದಲು.
ಹಿಂದೆಯೇ ನಮ್ಮ ಹಟ್ಟಿ ಹೊಳೆಗೆ ಹೋಯಿತು, ಬಾವಿ ಹೋಯಿತು,
ಬಾಪ್ಪು ಕೂತು ಬೀಡಿ ಸೇದುತ್ತಿದ್ದ ಕಲ್ಲು ಹೋಯಿತು.
ಈ ಆಸ್ಪತ್ರೆಯ ಗೋಡೆ ಉಗುರಲ್ಲಿ ಕೆರೆದರೆ
ಸ್ವಲ್ಪ ಸಿಕ್ಕೀತು.

"ಅಂಗಾತ ಮಲಗಿ," ಅಂದಳು ಎಕೋ ಮಾಡುವ ಹುಡುಗಿ,
"ಹಾಗೇ ಎಡಕ್ಕೆ ಹೊರಳಿ."
ಎದೆಗೆ ತಣ್ಣಗೆ ಲೋಳೆ ಸವರಿದಳು.
ಪರದೆಯ ಕತ್ತಲಲ್ಲಿ ಏನೋ ಒಂದು
ಬಾಯಿ ತೆರೆಯುತ್ತ, ಮುಚ್ಚುತ್ತ.
"ನಿಮ್ಮದೇ ಅಂಕಲ್, ನೋಡಿ."

ಎಣಿಸತೊಡಗಿದೆ.
ಹದಿಮೂರರ ಹತ್ತಿರ ಒಂದು ತಪ್ಪಿತು,
ಅವಳು ಏನೋ ಗುರುತು ಹಾಕಿದಳು.
ಐವತ್ತಾಗುವ ಮೊದಲೇ ಯಂತ್ರ ಆರಿಸಿ
ಒರೆಸಿಕೊಳ್ಳಲು ಕಾಗದ ಕೊಟ್ಟಳು.

ಸದ್ದು ನಿಂತಿತ್ತು. ಅದು ನಿಂತಿರಲಿಲ್ಲ.
ಅಂಗಿ ಎಳೆದು
ನಾನೇ ಅದರ ಮೇಲೆ ಕವುಚಿದೆ.