ಗೇಟ್ ಪಾಸ್

ರಾತ್ರಿ ಎರಡಕ್ಕೆ ಎದ್ದು, ಲಾಟುಗಳ ತೂಕ ಕೂಡಿ,
ಆವೃತ್ತಿಗೊಂದು ಅಂಕಿ ಏರಿಸಿ
ಮೇನ್ ಬ್ರ್ಯಾಂಚಿಗೆ ತಳ್ಳಲು ಹೋದ ನಮ್ಮ ಬಾಟು
ಹನ್ನೊಂದನೇ ದಿನವೂ ವಾಪಸ್ ಬಂದಿದೆ.
ಕೆಂಪಕ್ಷರ: ನೇರ ಪ್ರವೇಶವಿಲ್ಲ,
ಒಬ್ಬರಾದರೂ ನೋಡಿ ಒಪ್ಪಿರಬೇಕು.

ಆ ಬೀಗ ಹಾಕಿದವಳು ನಾನೇ,
ಹೋದ ಸುಗ್ಗಿಯಲ್ಲಿ ಇಮ್ತಿಯಾಜ್ ಅವಸರಕ್ಕೆ
ಚೆರ್ರಿಯ ಕಾಲಮ್ಮಿಗೆ ಪಾರ್ಚ್‌ಮೆಂಟಿನ ತೂಕ ಸುರಿದು
ಮೂಡಿಗೆರೆ ಕಡೆಯ ನಲವತ್ತು ಪ್ಲಾಂಟರುಗಳು
ಒಂದೇ ಬೆಳಿಗ್ಗೆ ಫೋನು ಮಾಡಿದ ಮೇಲೆ.

ಕಡೂರು ರಸ್ತೆಯ ಕ್ಯೂರಿಂಗ್ ವರ್ಕ್ಸು. ಮಹಡಿಯಲ್ಲಿ
ನಾವಿಬ್ಬರು, ಒಂದು ಫ್ಯಾನು.
ಕೆಳಗೆ ಯಂತ್ರದ ಗಡಗಡಕ್ಕೆ
ಟೀ ಲೋಟದೊಳಗೆ ಸದಾ ಸಣ್ಣ ನಡುಕ.
ಕಿಟಕಿಯಿಂದ ಗೇಟು ಕಾಣುತ್ತದೆ, ಕ್ಲೆಮೆಂಟಣ್ಣನೂ.
ಧಣಿಗಳ ಜೀಪಾದರೂ ಹಿಂಬಾಗಿಲು ತೆಗೆಸಿ,
ಚೀಟಿಯಲ್ಲಿ ಸಹಿ ಕಾಣದೆ ಸರಪಳಿ ಇಳಿಸದವನು.
ದಿನಾ ಬರೋ ಜೀಪಲ್ವಾ ಅಂತ ಒಮ್ಮೆ ಕೇಳಿದ್ದೆ.
ದಿನಾ ಬರೋದನ್ನೇ ಮೇಡಂ, ನೋಡ್ಬೇಕಾದ್ದು.

ಸುಲಭ ಇದೆ, ಅನ್ನುತ್ತಾನೆ ಇಮ್ತಿಯಾಜ್:
ವಿನಾಯಿತಿ ಪಟ್ಟಿಗೆ ಬಾಟಿನ ಹೆಸರು ಸೇರಿಸು,
ಇಲ್ಲವೇ ನಿನ್ನ ಟೋಕನ್ನೇ ಕೊಡು, ನಿನ್ನ ಹೆಸರಲ್ಲೇ ಹೋಗಲಿ.
ನನ್ನ ಹೆಸರಲ್ಲಿ!
ಬಸವನಹಳ್ಳಿಯ ಮನೆಯಲ್ಲಿ, ಮಗಳ ಕಾಲು
ನನ್ನ ಹೊಟ್ಟೆಯ ಮೇಲಿರುವಾಗ,
‘ಕುಸುಮಾ ಬದಲಿಸಿದ್ದು, 2:04’ ಎಂದು
ಅಳಿಸಲಾಗದ ಪುಟದಲ್ಲಿ ನಾನು ಎಚ್ಚರವಿರುವುದು.

ಬಾಟು ಇದುವರೆಗೆ ತಪ್ಪು ಮಾಡಿಲ್ಲ. ಮಾತು ಅದಲ್ಲ.
ಹತ್ತು ದಿನ ಒಪ್ಪಿಗೆ ಒತ್ತಿದ್ದು ನಾನು,
ಬಸ್ಸಿನಲ್ಲಿ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು.
ಓದಿದೆನೇ? ಹಸಿರು ಕಂಡಿತು, ಒತ್ತಿದೆ.
ಹಾಗಾದರೆ ನಮ್ಮಿಬ್ಬರಲ್ಲಿ ಬಾಟು ಯಾರು?

ಮಧ್ಯಾಹ್ನ ಕೆಳಗಿಳಿದೆ. ಬಣ್ಣ ನೋಡಿ ಬೀಜ ಆರಿಸುವ
ಹೊಸ ಯಂತ್ರದ ತುದಿಗೆ ಇನ್ನೂ ಆರು ಜನ ಹೆಂಗಸರು.
ಗುಲ್ಜಾರ್‌ಬೀ ತಂಗಿಯ ಸೀಮಂತದ ಕತೆ ಹೇಳುತ್ತಲೇ,
ಬೆಲ್ಟಿನ ಕಡೆ ತಿರುಗದೆಯೇ,
ಒಂದು ಬೀಜ ಎತ್ತಿ ನನ್ನ ಅಂಗೈಗೆ ಹಾಕಿದಳು.
ಬಣ್ಣ ಸರಿಯಾಗೇ ಇತ್ತು.
ಕಚ್ಚಿ ಮೂಸಿ ನೋಡು, ಅಂದಳು.
ಕೊಳೆತ ನಾತ.
ಹೇಗೆ ಗೊತ್ತಾಯ್ತು ಅಂದರೆ ನಕ್ಕಳು,
ಸೀಮಂತದ ಕತೆ ಮುಂದುವರಿಯಿತು.

ಸಂಜೆ ಬಾಟಿಗೆ ಒಂದೇ ಒಂದು ಕಡತ ಬಿಟ್ಟುಕೊಟ್ಟೆ,
ಆವೃತ್ತಿಯ ಅಂಕಿ. ಅದರದೇ ಹೆಸರಲ್ಲಿ.
ತೂಕ ಮುಟ್ಟಬೇಕಾದರೆ ಮಾತ್ರ ಗೇಟಿನಲ್ಲಿ ನಿಲ್ಲಬೇಕು.
ಇಮ್ತಿಯಾಜ್ ಗೊಣಗಿದ, ಧಣಿಗಳೂ ಕೇಳಿಯಾರು.

ಈ ಬೆಳಿಗ್ಗೆ ಬಸ್ಸಿನಲ್ಲಿ ಫೋನು ತೆಗೆಯಲಿಲ್ಲ.
ಕುರ್ಚಿಯಲ್ಲಿ ಕೂತು, ಇನ್ನೂರ ಹದಿನಾಲ್ಕು ಸಾಲು,
ಬೆರಳಿಟ್ಟು ಓದಿದೆ.
ತಪ್ಪೇನೂ ಸಿಗಲಿಲ್ಲ.
ಟೀ ಆರಿತ್ತು. ಒತ್ತಿದೆ.
ಕೆಳಗೆ ಸರಪಳಿ ಇಳಿದ ಸದ್ದು,
ಯಾವುದೋ ಲಾರಿಗೆ.