ಖೋಲಿ ಖಾಲಿ ಇಲ್ಲ

ಸೇಡಂ ರಸ್ತೆದಾಗ ಮಾಲಕರ ಮನಿ,
ಬ್ರಹ್ಮಪುರದಾಗ ಅವರ ವಾಡೆ, ಹನ್ನೊಂದು ಖೋಲಿ.
ನಡುವೆ ಎರಡು ಮೈಲಿ, ಒಂದು ಶೇರ್ ಆಟೋ, ಮತ್ತ ನಾನು,
ಅಂಬಾರಾಯ.
ಚಾವಿ ಗೊಂಚಲ, ರಸೀದಿ ಬುಕ್ಕು, ತಿಂಗಳಿಗಿ ನಾಕು ಸಾವಿರ.
ಹತ್ತೊಂಬತ್ತು ವರ್ಷ ಆತು ಮಾತು ಹೊರಲಿಕ್ಕತ್ತಿ.

ಮಾಲಕರು ಅಂತಾರ:
"ಫರಸಿ ಒಡದ್ರ ಒಡೀಲಿ. ಅವರಪ್ಪ ಹಾಕಿಸಿದ್ದನೇನು?
ಬ್ಯಾಡಾದ್ರ ಹಾಸಿಗಿ ಸುತ್ತಿಕೊಂಡು ಹೋಗಂತ ಹೇಳು."
ಹೇಳ್ತೀನ್ರಿ ಅಂತ ಹೊರಗ ಬರ್ತೀನಿ.
ಸೂಪರ್ ಮಾರ್ಕೆಟ್ ಮೂಲ್ಯಾಗ ಇಳದು ಅರ್ಧಾ ಚಾ.
ಬಶಿಗಿ ಹೊಯ್ದ ಚಾ ಆರ್ತದ, ಮಾತೂ ಆರ್ತದ.
ಮೂರನೇ ಖೋಲಿ ಮುಂದ ನಿಂತಾಗ ಅದು ಹಿಂಗಾಗಿರ್ತದ:
"ಮಾಲಕರು ನಿನ್ನ ಕೇಳಿದ್ರು, ಮಹಬೂಬಿ.
ಶಹಾಬಾದದಿಂದ ಕಲ್ಲು ಬರಬೇಕಂತ. ಈ ಬಿಸಲಾಗ ಗೌಂಡಿ ಸಿಗವಲ್ಲನಂತ."

ಮಹಬೂಬಿ ಹೊಲಿಗಿ ಮಶೀನು ನಿಂದ್ರಸಾಂಗಿಲ್ಲ.
ಹಲ್ಲಾಗ ದಾರ ಕಚ್ಚಿಕೊಂಡಾ ಅಂತಾಳ:
"ಎಲ್ಲಾ ಫರಸಿ ತನ್ನ ಗೋರಿಗಿ ಎತ್ತಿಟ್ಟಾನೇನು, ಕೇಳು."
ಅದನ್ನೂ ಹೊರ್ತೀನಿ.
ಏಪ್ರಿಲ್ ಬಿಸಲಾಗ ಶಾಪ ಹೊತ್ತು ನಡದು ನೋಡ್ರಿ,
ಅರ್ಧ ದಾರ್ಯಾಗ ಅದು ತಾನಾ ಸಲಾಂ ಆಗ್ತದ.
"ಸಾವಕಾರ್ರ ಮಂಡಿ ನೋವು ಹ್ಯಾಂಗದಂತ ಕೇಳಿದಳರೀ."
ಮಾಲಕರು ಮಂಡಿ ತಿಕ್ಕೋತಾರ. ಸ್ವಲ್ಪ ಖುಷಿ ಆಗ್ತಾರ.

ಏಳನೇ ಖೋಲಿ ದತ್ತೂ, ಪಾರ್ಸಲ್ ಆಫೀಸಿನವ,
ದೀಪಾವಳಿಗಿ ಮಾಲಕರು ಕಳಿಸ್ಯಾರಂತ ನನ್ನ ಕೈಯಿಂದ
ಪಾವ್ ಕಿಲೋ ಫರಸಾಣ ಇಸಕೊಂಡ.
ಅದರ ಉದ್ರಿ ಅಂಗಡ್ಯಾಗ ಇನ್ನೂ ನನ್ನ ಹೆಸರಲೇ ಅದ.

ಅಂಬಾರಾಯನ ನಾಲಿಗಿ ಬೆಣ್ಣಿ, ಅಂತಾರ ಜನ.
ಪುಣ್ಯೇದ ಕೆಲಸ, ಅಂದುಕೊಂಡಿದ್ದೆ ನಾ.

ಆರನೇ ಖೋಲಿ ಖಾಲಿ ಆದ ತಿಂಗಳು
ಒಬ್ಬಾಕಿ ಬಂದಳು. ಯಶೋಧರಾ. ಸರ್ಕಾರಿ ದವಾಖಾನಿ ನರ್ಸು.
ರಾತ್ರಿ ಡ್ಯೂಟಿ ಮುಗಿಸಿ ಸೀದಾ, ಕಣ್ಣು ಕೆಂಪು,
ಅಡ್ವಾನ್ಸ್ ರೊಕ್ಕ ಕರವಸ್ತ್ರದಾಗ ಕಟ್ಟಿಕೊಂಡು.
ಕಿಟಕಿ ತೆಗದಳು. ನಳ ತಿರುವಿದಳು, ಗಾಳಿ ಬಂತು.
"ನೀರು ಎಷ್ಟು ದಿನಕ್ಕೊಮ್ಮೆ?"
"ನಾಕು ದಿನಕ್ಕೊಮ್ಮೆ."
ನಕ್ಕಳು. "ನಮ್ಮ ವಾರ್ಡಿಗಿಂತ ಛಲೋ ಅದ."

ಮಾಲಕರಿಗಿ ಫೋನ್ ಹಚ್ಚಿದೆ.
"ಅಡ್ಡಹೆಸರು ಏನು?"
ಹೇಳಿದೆ.
ಆಮ್ಯಾಲ ಅವರು ಒಂದು ಮಾತಂದ್ರು.

ಆಕಿ ಕಡಿ ತಿರುಗಿ, ಎಷ್ಟು ಮೆತ್ತಗ ಅಂದೆನಂದ್ರ:
"ಖೋಲಿ ಖಾಲಿ ಇಲ್ಲವ್ವಾ. ನಿನ್ನೇನೇ ಯಾರೋ ಹಿಡದಾರಂತ,
ನನಗ ಗೊತ್ತಿದ್ದಿಲ್ಲ. ಮಾಲಕರು ಭಾಳ ಬ್ಯಾಸರ ಮಾಡಿಕೊಂಡ್ರು."
ಚಾವಿ ನನ್ನ ಕೈಯಾಗಾ ಇತ್ತು.
ಆಕಿ ಚಾವಿ ನೋಡಿದಳು, ನನ್ನ ನೋಡಲಿಲ್ಲ.
ನೀರಿಲ್ಲದ ನಳ ಮತ್ತ ತಿರುವಿ ಬಂದ್ ಮಾಡಿ,
ಚಪ್ಪಲಿ ಮೆಟ್ಟಿಕೊಂಡು ಹೋದಳು.

ಬಂದ ಮಾತು ಬಂದಂಗ ಅಂಗಳದಾಗ ಒಗದಿದ್ರ
ಆಕಿ ಉಗುಳಬಹುದಿತ್ತು. ಕೂಗಬಹುದಿತ್ತು.
ಮೂಲಿ ದಾಟಿದ್ರ ಪೊಲೀಸ್ ಠಾಣೆ ಅದ.
ಮಹಬೂಬಿ ಮಶೀನು ನಿಂದ್ರಿಸಿ ಹೊರಗ ಬರಬಹುದಿತ್ತು.
ಆಕಿಗಿ ಮುಟ್ಟಬೇಕಾದ ಸಿಟ್ಟು ಅದು,
ಹಾಲಿನ ಕೆನಿ ತೆಗದಂಗ ತೆಗದು ನಾ ಇಟ್ಟುಕೊಂಡೆ.
ಹತ್ತೊಂಬತ್ತು ವರ್ಷದಾಗ ಕಿರಾಯಿದೊಂದು ರೂಪಾಯಿ ತಿಂದವನಲ್ಲ.
ಇದಕ್ಕ ರಸೀದಿ ಇಲ್ಲ.

ಸಂಜಿಗಿ ಮಾಲಕರು ಕೇಳಿದ್ರು, "ಹೇಳಿದಿ?"
"ಹೇಳಿದೆರೀ."
"ಏನಂದಳು?"
"ಏನೂ ಅನ್ನಲಿಲ್ಲರೀ."
ಆ ವಾಡೆದಿಂದ ಈ ಮನಿಗಿ
ಬದಲಿ ಮಾಡದಾಂಗ ಮುಟ್ಟಿಸಿದ್ದು ಇದೊಂದಾ.

ಆರನೇ ಖೋಲ್ಯಾಗ ಈಗ ಕೋಚಿಂಗ್ ಹುಡುಗರು ಅದಾರ.
ನಳ ಹನೀತದ, ವಾಷರ್ ಹಾಕಸ್ರಿ ಅಂತಾರ.
ಹೇಳ್ತೀನಿ, ಹೇಳ್ತೀನಿ ಅಂತ ಬರ್ತೀನಿ.
ಆ ದಿನ ಫೋನಿನಾಗ ಬಂದ ಮಾತು ಇನ್ನಾ ಆರಿಲ್ಲ,
ಎಷ್ಟು ಬಶಿಗಿ ಹೊಯ್ದರೂ.
ನೋಡ್ರಿ, ನಿಮ್ಮ ಮುಂದ ಎಲ್ಲಾ ಬರೀಲಿಕ್ಕಂತ ಕೂತು
ಅದನ್ನೊಂದು ಬಿಟ್ಟಾ ಬರದೀನಿ.